ಬಾವಿ ಹತ್ತಿರದ ಹಾಜರಿ

ಕಲ್ಯಾಣಿಗೆ ನಿದ್ದೆ ಹತ್ತಿದೆ ಅನ್ನಿಸುತ್ತದೆ. ಲೈಟು ಬೇಡ... ಹೀಗೇ ಹೇಳುತ್ತೇನೆ, ಮೆಲ್ಲಗೆ.

ನೀವೂ ನೋಡಿದ್ದೀರಿ. ಕ್ಲಾಸಿನಲ್ಲಿ ಹಾಜರಿ ಕರೆಯುವಾಗ ಮೇಡಂ ಅವಳ ಹೆಸರು ಒಂದು ಸಲ ಕರೆದರೆ ಸುಮ್ಮನೆ ಕೂತಿರುತ್ತಾಳೆ. ಎರಡನೇ ಸಲಕ್ಕೂ ಅಷ್ಟೇ. ಮೂರನೇ ಸಲಕ್ಕೆ ಎದ್ದು ನಿಲ್ಲುತ್ತಾಳೆ. ಮೇಡಂ ಬಯ್ಯುತ್ತಾರೆ, ಹಿಂದಿನ ಬೆಂಚಿನವರು ಕಿವುಡಿ ಅಂತ ನಗುತ್ತಾರೆ. ಅವಳು ಕಿವುಡಿ ಅಲ್ಲ. ಈ ಹಾಸ್ಟೆಲಿನಲ್ಲಿ ಅವಳ ಪಕ್ಕದ ಮಂಚದಲ್ಲಿ ಮಲಗುವವಳು ನಾನು. ನನಗೆ ಹೇಳಿದ್ದಾಳೆ. ಇದು ಅವಳ ಅಪ್ಪನಿಗೆ ಆದದ್ದು. ಮಾನ್ವಿ ಕಡೆ ಮಲ್ಲಟದಲ್ಲಿ, ಹೋದ ಬೇಸಿಗೆಯಲ್ಲಿ. ಅಜ್ಜಿ ಕಾಲದ್ದಲ್ಲ.

ಒಂದು ರಾತ್ರಿ ಅವಳ ಅಪ್ಪ ಮೌನಪ್ಪ ಕಾಕಾ ತಮ್ಮ ಮೆಡಿಕಲ್ ಅಂಗಡಿಯ ಶಟರ್ ಎಳೆದು, ಬೀಗ ಹಾಕಿ, ಮನೆಗೆ ಹೊರಟಿದ್ದರು. ಕರೆಂಟಿಲ್ಲ. ಗಾಳಿಯೂ ಇಲ್ಲ. ಬಸ್‌ಸ್ಟ್ಯಾಂಡಿನಿಂದ ಮನೆಗೆ ಹೋಗುವ ದಾರಿಯಲ್ಲಿ ಒಂದು ಹಳೇ ಬಾವಿ ಇದೆ. ನಲ್ಲಿ ಬಂದ ಮೇಲೆ ಅಲ್ಲಿ ಯಾರೂ ನೀರು ಸೇದುವುದಿಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಪಕ್ಕದಲ್ಲಿ ಆಲದ ಮರ. ಕತ್ತಲಾದ ಮೇಲೆ ಊರಿನವರು ಅಲ್ಲಿ ಕೆಮ್ಮುತ್ತಾ ಹೋಗುತ್ತಾರೆ, ತಾವಿದ್ದೇವೆ ಅಂತ ತಮಗೇ ಗೊತ್ತಾಗಲಿ ಎಂದು. ಕಾಕಾ ಕೆಮ್ಮುತ್ತಿರಲಿಲ್ಲ. ದೆವ್ವ-ಗಿವ್ವ ನಂಬುವ ಮನುಷ್ಯರಲ್ಲ ಅವರು. ಅಂಗಡಿಯ ಗೋಡೆಗೆ ಬುದ್ಧನ ಫೋಟೋ ಇದೆ. ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಲು ಯಾರನ್ನೂ ಒಂದು ದಿನವೂ ಬಿಟ್ಟವರಲ್ಲ.

ಆಲದ ಮರ ದಾಟುವಾಗ ಕೇಳಿತು.

ಕರ್ಕ್... ಕರ್ಕ್... ಕರ್ಕ್...

ಹರಳುಪ್ಪಿನ ಮೇಲೆ ಬೂಟುಗಾಲು ಇಟ್ಟ ಹಾಗೆ.

ಕಾಕಾ ನಿಂತರು. ಅದು ಏನು ಸದ್ದು ಅಂತ ಮಲ್ಲಟದಲ್ಲಿ ಅವರೊಬ್ಬರಿಗೇ ಗೊತ್ತು. ರಾತ್ರಿ ಗಟ್ಟಿಯಾದ ಹಿಮದ ಮೇಲೆ ಮನುಷ್ಯರು ನಡೆಯುವ ಸದ್ದು ಅದು. ಇಲ್ಲಿ ಎಲ್ಲಿಯ ಹಿಮ? ಕಾಲ ಕೆಳಗೆ ಕರಿಮಣ್ಣು ಬಾಯಿ ಬಿಟ್ಟಿತ್ತು.

ಆಮೇಲೆ ಒಂದು ದನಿ. ಬಾವಿಯ ಜಾಲರಿಯ ಹತ್ತಿರದಿಂದ, ತಗ್ಗಿದ, ಬೇಸತ್ತ ದನಿ. ಮೊದಲು ಒಂದು ನಂಬರು, ಆಮೇಲೆ ಹೆಸರು.

"ದಿಲ್ ಬಹಾದೂರ್."

"ಹಾಜಿರ್, ಸಾಬ್."

"ಯಾದಗಿರಿ."

"ಹಾಜಿರ್, ಸಾಬ್."

ಆಮೇಲೆ ಕಾಕಾ ಅವರದೇ ನಂಬರು. ಅಂಕಿ ಅಂಕಿ ಬಿಡಿಸಿ. ಆಮೇಲೆ...

"ಮೋನಾಪಾ."

ಊರಲ್ಲಿ ಅವರನ್ನು ಯಾರೂ ಹಾಗೆ ಕರೆಯುವುದಿಲ್ಲ. ಊರಿಗೆ ಅವರು ಮಿಲ್ಟ್ರಿ ಮೌನಪ್ಪ. ಮೋನಾಪಾ ಅಂತ ಕರೆಯುತ್ತಿದ್ದವರು ಒಬ್ಬರೇ. ಹವಾಲ್ದಾರ್ ರತನ್ ಸಿಂಗ್. ಎಷ್ಟು ವರ್ಷ ಹೇಳಿಕೊಟ್ಟರೂ ಆ ಹೆಸರು ಅವರ ನಾಲಿಗೆಗೆ ಒಗ್ಗಿರಲಿಲ್ಲ.

ಕಾಕಾ ಅವರ ನಾಲಿಗೆ ಬಾಯೊಳಗೆ ತಾನಾಗಿ ಎದ್ದಿತು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಕೊಂಡಿತು. ಮನೆಯಿಂದ. ಫೋನಿನ ಬೆಳಕಿಗೆ ಬಾವಿ ಕಂಡಿತು, ಜಾಲರಿ ಕಂಡಿತು, ಜಾಲರಿಗೆ ಸಿಕ್ಕ ಆಲದೆಲೆ ಕಂಡಿತು. ಬೇರೆ ಏನೂ ಇಲ್ಲ.

ಅವರ ಹಿಂದಿನದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ತಿಳಿಯುವುದಿಲ್ಲ.

ಕಾಕಾ ಕೂಲಿ ಮಾಡುವ ಮನೆಯಲ್ಲಿ ಹುಟ್ಟಿ ಮಿಲ್ಟ್ರಿ ಸೇರಿದವರು. ಅಲ್ಲಿ ಬಂದೂಕಿಗಿಂತ ಹೆಚ್ಚು ಹಿಡಿದದ್ದು ಕತ್ತರಿ, ಹತ್ತಿ, ಸೂಜಿ. ಗಾಯಕ್ಕೆ ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವುದು. ಮೇಲೆ ಹಿಮದಲ್ಲಿ ಒಂದು ಚೌಕಿ, ಒಂದೇ ಡೇರೆಯಲ್ಲಿ ನಾಲ್ಕು ಜನ, ಹವಾಲ್ದಾರ್, ದಿಲ್ ಬಹಾದೂರ್, ತೆಲುಗಿನವನು ಯಾದಗಿರಿ, ಮತ್ತೆ ಕಾಕಾ. ಒಂದು ಸಂಜೆ ಕೆಳಗಿನ ಚೌಕಿಯಲ್ಲಿ ಯಾರಿಗೋ ಜ್ವರ ಅಂತ ಕಾಕಾ ಅವರನ್ನು ಕಳಿಸಿದರು. ಆ ರಾತ್ರಿ ಹಿಮ ಜಾರಿತು. ಡೇರೆಯಲ್ಲಿದ್ದ ಮೂವರೂ ಹೋದರು.

ಸೈನಿಕರ ಕೊರಳಲ್ಲಿ ಎರಡು ಬಿಲ್ಲೆ ಇರುತ್ತವಂತೆ, ಗುರುತಿಗೆ. ನಂಬರು, ಹೆಸರು ಕೊರೆದಿರುತ್ತದೆ. ಮನುಷ್ಯ ಸತ್ತರೆ ದಾರ ಕತ್ತರಿಸಿ ಒಂದು ಬಿಲ್ಲೆ ಲೆಕ್ಕಕ್ಕೆ ಒಯ್ಯಬೇಕು, ಇನ್ನೊಂದನ್ನು ಮತ್ತೆ ಗಂಟು ಹಾಕಿ ಮೈಮೇಲೇ ಬಿಡಬೇಕು. ಆ ಮೂವರ ಬಿಲ್ಲೆ ಕತ್ತರಿಸಿದ್ದು ಕಾಕಾ. ಗಾಯ ಹೊಲಿಯುವಾಗ ಹಾಕುವ ಗಂಟು ಇದೆಯಲ್ಲ, ಎರಡು ಸುತ್ತು ತಿರುವಿ ಎಳೆಯುವುದು, ಅದೇ ಗಂಟು ಹಾಕಿದರು. ಅಳಲೂ ಇಲ್ಲ.

ಅಲ್ಲಿಂದ ಇಲ್ಲಿಯವರೆಗೆ ಅತ್ತೇ ಇಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟರೆ ದವಡೆ ಮರಗಟ್ಟುತ್ತದಲ್ಲ, ಮುಟ್ಟಿದರೆ ತನ್ನದಲ್ಲ ಅನ್ನಿಸುತ್ತದಲ್ಲ... ಇಡೀ ಮನುಷ್ಯ ಹಾಗೆ. ರಿಟೈರಾಗಿ ಬಂದು, ರಾಯಚೂರಿನಲ್ಲಿ ತಮ್ಮ ಅರ್ಧ ವಯಸ್ಸಿನ ಹುಡುಗರ ನಡುವೆ ಕೂತು ಫಾರ್ಮಸಿ ಓದಿದರು. ಮಗಳ ಹೆಸರಿನ ಮೇಲೆ ಅಂಗಡಿ ಹಾಕಿದರು. ಆಕಳು ಕಟ್ಟಿದರು. ಎಲ್ಲವನ್ನೂ ಸರಿಯಾಗಿ ಮಾಡುತ್ತಾರೆ. ನಗಬೇಕಾದಲ್ಲಿ ನಗುತ್ತಾರೆ ಕೂಡ.

ಅಂಗಡಿಯಲ್ಲಿ ಒಂದು ಮಷೀನಿದೆ, ಬೆರಳಿಗೆ ಚಿಮಟದ ಹಾಗೆ ಕಚ್ಚಿಸುವುದು. ಕೊರೊನಾ ಕಾಲದ್ದು. ಯಾರು ಬಂದರೂ ಬೆರಳು ಕೊಡು ಅನ್ನುತ್ತಾರೆ. ಉಸಿರು, ಅಂದರೆ ಆಕ್ಸಿಜನ್, ಮತ್ತೆ ನಾಡಿ ಎರಡೂ ಕೆಂಪು ಅಂಕಿಯಲ್ಲಿ ಬರುತ್ತವೆ.

ಆ ರಾತ್ರಿ ಅದು ಅವರ ಜೇಬಿನಲ್ಲೇ ಇತ್ತು. ಮನೆಗೆ ಹೋದವರು ಕಟ್ಟೆಯ ಮೇಲೆ ಕೂತು ತಮ್ಮ ಬೆರಳಿಗೇ ಹಾಕಿಕೊಂಡರು. ಕಲ್ಯಾಣಿಯ ಅವ್ವ ಶೇಖಮ್ಮ ಕಾಕು ನೀರಿನ ತಂಬಿಗೆ ಹಿಡಿದು ಬಂದರು.

"ಯಾಕ್ರೀ, ಆರಾಮಿಲ್ಲೇನು?"

"ಆರಾಮದೀನಿ. ನೋಡು, ನಾಡಿ ಎಪ್ಪತ್ತೆರಡು."

ಹೆದರಿದವನ ನಾಡಿ ಅಲ್ಲ ಅದು. ಕಾಕಾ ಅದನ್ನೇ ನೋಡುತ್ತಾ ಕೂತರು.

"ಬಾವಿ ಹತ್ರ ಕರದ್ರು," ಅಂದರು.

"ಯಾರು?"

"ಹವಾಲ್ದಾರ್ ಸಾಬ್."

ಕಾಕು ತಂಬಿಗೆ ಕೆಳಗಿಟ್ಟರು. ಸದ್ದಾಗದ ಹಾಗೆ.

"ನೀವು ಓ ಅಂದ್ರೇನು?"

"ಇಲ್ಲ. ನಿನ್ನ ಫೋನ್ ಬಂತು."

"ಎಷ್ಟು ಸಲ ಕರದ್ರು?"

"ಒಂದ."

"ನೋಡ್ರಿ... ಮೂರನೇ ಸಲ ಕರೆಯೋ ತನಕ ಓ ಅನಬ್ಯಾಡ್ರಿ. ಬದುಕಿದ್ದವ್ರು ಮೂರು ಸಲ ಕರೀತಾರ. ಅವಕ್ಕ ಮೂರನೇದು ಬರೂದಿಲ್ಲ. ಒಂದ ಸಲಕ್ಕ ಓ ಅಂದಾಂವ ಅವ್ರ ಹಿಂದ ಹೋದಂಗ."

"ಮಿಲ್ಟ್ರಿಯೊಳಗ ಎರಡನೇ ಸಲ ಯಾರೂ ಕರೆಯೂದಿಲ್ಲ ಬೇ. ಒಂದ ಸಲಕ್ಕ ಹಾಜಿರ್ ಅನಬೇಕು. ಇಲ್ಲಂದ್ರ ಗೈರು."

"ಗೈರ ಇರ್ರಿ," ಅಂದರು ಕಾಕು. "ನನಗೇನು ನಷ್ಟ ಇಲ್ಲ."

ಮರುದಿನದಿಂದ ಅಂಗಡಿ ಮುಚ್ಚುವ ಹೊತ್ತಿಗೆ ಕಾಕು ತಾವೇ ಬಂದು ನಿಲ್ಲತೊಡಗಿದರು. ಕಾಲುವೆ ದಾರಿ ಹಿಡಿಯೋಣ ಅಂದರೆ ಕಾಕಾ ಒಪ್ಪಲಿಲ್ಲ, ದೂರ ಆಗ್ತದ ಅಂದರು. ಎದುರಿನ ಚಹಾದಂಗಡಿಯ ನಯೀಮ್ ಸುಮ್ಮನಿರುತ್ತಾನೆಯೇ?

"ಕ್ಯಾ ಮಿಲ್ಟ್ರಿ ಸಾಬ್, ದೇಶ ಕಾದವ್ರು ನೀವು, ನಿಮ್ಮನ್ನ ಕಾಯಾಕ ಭಾಬಿ ಬರಾಕತ್ತಾರ?"

"ರಾತ್ರಿ ಕಣ್ಣು ಕಾಣವಲ್ದು ಅವ್ರಿಗೆ," ಅಂದರು ಕಾಕು.

"ಕಣ್ಣು ಕಾಣಲಾರ್ದೆ ಗುಳಿಗಿ ಕೊಟ್ಟಾರಂದ್ರ ನಮ್ಮ ಗತಿ ಏನು ಭಾಬಿ!"

ಕಾಕಾ ನಕ್ಕರು. ನಗಬೇಕಾದಲ್ಲಿ ನಗುತ್ತಾರೆ ಅಂದೆನಲ್ಲ.

ಬಾವಿ ಹತ್ತಿರ ಬಂದ ಕೂಡಲೇ ಕಾಕು ತಮ್ಮ ಅಂಗೈಯನ್ನು ಗಂಡನ ಬಾಯಿಗೆ ಒತ್ತಿ ಹಿಡಿಯುತ್ತಿದ್ದರು. ಹಾಗೇ ಇಬ್ಬರೂ ನಡೆಯುವುದು. ಕಾಕುಗೆ ಏನೂ ಕೇಳುತ್ತಿರಲಿಲ್ಲ. ಜೀರುಂಡೆ, ದೂರದಲ್ಲೊಂದು ನಾಯಿ, ಅಷ್ಟೇ. ಆದರೆ ಆಲದ ಮರದ ಕೆಳಗೆ ಬಂದಾಗ ಅವರ ಅಂಗೈಯೊಳಗೆ ಗಂಡನ ತುಟಿ ಅಲುಗುತ್ತಿದ್ದವು. ಪ್ರತಿ ರಾತ್ರಿ. ಅದೇ ಜಾಗದಲ್ಲಿ. ತೆರೆಯಲು ನೋಡುತ್ತಿದ್ದವು.

ಒಂದು ರಾತ್ರಿ ಮನೆ ಸೇರಿದ ಮೇಲೆ ಕಾಕು ಕೇಳಿಯೇ ಬಿಟ್ಟರು.

"ನಿಮಗ ಅವ್ರ ಕೂಡ ಹೋಗಬೇಕನಸ್ತದೇನ್ರೀ?"

ಕಾಕಾ ತೂಗಿ ನೋಡಿ ಹೇಳಿದರು. ಸುಳ್ಳು ಹೇಳಬಾರದು ಅಂತ.

"ಹಂಗೇನೂ ಅನಸೂದಿಲ್ಲ."

"ಮತ್ತ ಇಲ್ಲಿ ಇರಬೇಕನಸ್ತದೇನು?"

ಕಾಕಾ ಎದ್ದು ಆಕಳಿಗೆ ನೀರಿಡಲು ಹೋದರು.

ಆಕಳುಗಳಲ್ಲಿ ಒಂದು ಕಪಿಲಿ. ಕಂದು ಬಣ್ಣ, ಮೊಂಡು ಸ್ವಭಾವ. ಅದು ಇನ್ನೂ ಕರು ಹಾಕದ ಪಡ್ಡೆ ಇದ್ದಾಗ ಮೇಯಲು ಹೋಗಿ ಕಳೆದುಹೋಗಿತ್ತು. ಹುಡುಕಿ ಹುಡುಕಿ ಕೊನೆಗೆ ದೇವದುರ್ಗದ ಸಂತೆಯಲ್ಲಿ ಯಾರೋ ಮಾರಲು ಹಿಡಿದು ನಿಂತದ್ದು ಕಂಡಿತು. ಇದು ನಿಂದೇ ಅನ್ನಾಕ ಗುರುತೇನಪಾ ಅಂತ ಸಂತೆಗೆ ಸಂತೆಯೇ ಕೇಳಿತು. ದೊಡ್ಡ ಜಗಳವಾಗಿ, ಅಂತೂ ಬಿಡಿಸಿಕೊಂಡು ಬಂದರು. ಬಂದ ದಿನವೇ ಕಾಕಾ ಟ್ರಂಕಿನಿಂದ ತಮ್ಮ ಎರಡೂ ಬಿಲ್ಲೆ ತೆಗೆದು, ಮೇಣದ ದಾರಕ್ಕೆ ಪೋಣಿಸಿ, ಗಂಟೆಯ ಜೊತೆ ಅದರ ಕೊರಳಿಗೆ ಕಟ್ಟಿದರು.

"ನಂಬರ್ ಅದ, ಹೆಸರು ಅದ. ಇನ್ನ ಯಾವ ಸಂತಿಗೆ ಹೋದ್ರೂ ಗುರುತು ಸಿಗ್ತದ," ಅಂದರಂತೆ.

ಊರು ನಕ್ಕಿತು. ಆಕಳಿಗೂ ಪಿಂಚಣಿ ಬರ್ತದೇನು ಅಂತ ನಯೀಮ್ ಕೇಳಿದ. ಅದು ಹಳೇ ಮಾತು. ಬಿಲ್ಲೆ ಅಲ್ಲಿರುವುದನ್ನೇ ಎಲ್ಲರೂ ಮರೆತಿದ್ದರು. ಕಾಕಾ ಕೂಡ.

ಪರೀಕ್ಷೆ ಮುಗಿದು ಕಲ್ಯಾಣಿ ಊರಿಗೆ ಹೊರಡುವ ಹಿಂದಿನ ದಿನ. ಸಾಮಾನು ಬಹಳ ಇತ್ತು, ಅವಳನ್ನು ಕರೆತರಲು ಕಾಕು ರಾಯಚೂರಿಗೆ ಬಂದಿದ್ದರು. ಇದೇ ರೂಮಿಗೆ. ನಾನು ನೋಡಿದ್ದೇನೆ, ಆ ಮಂಚದ ಮೇಲೆ ಕೂತು ಮತ್ತೆ ಮತ್ತೆ ಫೋನು ಮಾಡುತ್ತಿದ್ದರು.

"ಇವತ್ತೊಂದಿನ ಬೆಳಕಿರೂವಾಗನ ಮುಚ್ರಿ."

ಕಾಕಾ ಹೂಂ ಅಂದಿದ್ದರು. ಮುಚ್ಚಲು ಎದ್ದೂ ಇದ್ದರು. ಅಷ್ಟರಲ್ಲಿ ನಯೀಮನ ತಾಯಿ ಗುಲ್ಶನ್ ಬೇಗಂ ಅವರಿಗೆ ದಮ್ಮು ಹತ್ತಿತು. ಎತ್ತಿಕೊಂಡು ಬಂದರು. ಬೆರಳಿಗೆ ಮಷೀನು ಹಾಕಿದರೆ ಉಸಿರು ಎಂಬತ್ತಾರಕ್ಕೆ ಇಳಿದಿತ್ತು. ಕಾಕಾ ಆಂಬುಲೆನ್ಸಿಗೆ ಫೋನು ಮಾಡಿ, ಅದು ಬರುವವರೆಗೆ ಆ ಮುದುಕಿಯ ಬೆನ್ನು ಹಿಡಿದು ಕೂರಿಸಿಕೊಂಡು ಕೂತರು. ಬಂದಾಗ ಕತ್ತಲಾಗಿ ಬಹಳ ಹೊತ್ತಾಗಿತ್ತು. ನಯೀಮನೂ ತಾಯಿಯ ಜೊತೆ ಮಾನ್ವಿಗೆ ಹೋದ. ಬಸ್‌ಸ್ಟ್ಯಾಂಡಿನಲ್ಲಿ ಉಳಿದದ್ದು ಕಾಕಾ ಒಬ್ಬರೇ... ಮತ್ತೆ ಕಪಿಲಿ.

ಅದು ಸಂಜೆಯಿಂದ ಅಂಗಡಿ ಮುಂದೆ ನಿಂತಿತ್ತು. ಔಷಧಿಯ ರಟ್ಟಿನ ಡಬ್ಬಿ ತಿನ್ನುವ ಚಟ ಅದಕ್ಕೆ. ಡಬ್ಬಿ ತಿಂದು ತಿಂದು ನಿನ್ನ ಆಕಳ ಅರ್ಧ ಡಾಕ್ಟರ್ ಆಗೇದ ಅಂತ ಊರವರು ಅನ್ನುತ್ತಿದ್ದರು. ಕಾಕಾ ಬೀಗ ಹಾಕಿ ನಡೆದರು. ಕಪಿಲಿ ಹಗ್ಗ ಹಿಡಿಯದೆಯೂ ಹಿಂದೆ ಬರುತ್ತಿತ್ತು. ಕೊರಳ ಗಂಟೆ ಠಿಣ್... ಠಿಣ್...

ಮಷೀನು ಜೇಬಿನಲ್ಲಿತ್ತು. ಫೋನು ಅಂಗಡಿಯ ಟೇಬಲ್ಲಿನ ಮೇಲೇ ಉಳಿದಿತ್ತು.

ಆಲದ ಮರ.

ಕರ್ಕ್... ಕರ್ಕ್... ಕರ್ಕ್...

ಈ ಸಲ ಹತ್ತಿರದಿಂದ. ಬಾವಿಯ ಸುತ್ತ ಒಂದು ಸುತ್ತು ಬಂದು ನಿಂತಿತು. ಯಾರೋ ಕೈ ಉಜ್ಜಿಕೊಂಡ ಹಾಗೆ, ಉಣ್ಣೆಯ ಗ್ಲೌಸಿಗೆ ಗ್ಲೌಸು ತಾಗಿದ ಸದ್ದು... ಫಸ್... ಫಸ್...

"ದಿಲ್ ಬಹಾದೂರ್."

"ಹಾಜಿರ್, ಸಾಬ್."

"ಯಾದಗಿರಿ."

"ಹಾಜಿರ್, ಸಾಬ್."

ಆ ಎರಡು ದನಿಗಳಲ್ಲಿ ದುಃಖ ಇರಲಿಲ್ಲ, ಸಿಟ್ಟಿರಲಿಲ್ಲ. ಹಾಜರಿ ಮುಗಿದರೆ ಮಲಗಬಹುದು ಅಂತ ಕಾಯುವವರ ದನಿ. ತನ್ನೊಬ್ಬನಿಗಾಗಿ ಎಷ್ಟು ವರ್ಷದಿಂದ ನಿಂತಿದ್ದಾರೆ ಅಂತ ಕಾಕಾಗೆ ಅನ್ನಿಸಿತಂತೆ. ಚಳಿಯಲ್ಲಿ.

ನಂಬರು ಶುರುವಾಯಿತು. ಒಂದೊಂದೇ ಅಂಕಿ.

ಬಾಯಿಗೆ ಅಡ್ಡ ಹಿಡಿಯಲು ಕಾಕು ಕೈ ಇರಲಿಲ್ಲ. ಕಾಕಾ ತಮ್ಮ ಕೈಯನ್ನೇ ಎತ್ತಬಹುದಿತ್ತು. ಎತ್ತಲಿಲ್ಲ. ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಂತರು.

"ಮೋನಾಪಾ."

ಕಾಕಾ ಬಾಯಿ ತೆರೆದರು. "ಹಾ..."

"ಅಂಬಾ..."

ಬೆನ್ನ ಹಿಂದೆ. ಉದ್ದಕ್ಕೆ, ತಗ್ಗಿದ ದನಿಯಲ್ಲಿ. ಕರುವನ್ನು ಕರೆಯುವ ಕೂಗಲ್ಲ, ಹಸಿವಿನದೂ ಅಲ್ಲ. ಹೆಸರು ಕರೆದವರಿಗೆ ಓ ಅಂದ ಹಾಗೆ.

ಸದ್ದೆಲ್ಲ ನಿಂತಿತು. ಜೀರುಂಡೆ ಕೂಡ.

ಆಮೇಲೆ ಆ ಬೇಸತ್ತ ದನಿ, "ಗಿನ್ತಿ ಪೂರೀ," ಅಂದಿತು. ಲೆಕ್ಕ ತುಂಬಿತು ಅಂತ.

ಕರ್ಕ್... ಕರ್ಕ್... ಹೊರಟವು. ಅವುಗಳ ಹಿಂದೆ, ಠಿಣ್... ಠಿಣ್... ಕಾಕಾ ಪಕ್ಕದಿಂದಲೇ ಹಾದುಹೋಯಿತು. ಬಿಸಿಲಲ್ಲಿ ಕಾದ ದನದ ಮೈಯ ವಾಸನೆ ಬಂತು, ಹೋಯಿತು. ಕಪಿಲೀ ಅಂತ ಕರೆದಿದ್ದರೆ ತಿರುಗುತ್ತಿತ್ತೋ ಏನೋ. ಗಂಟೆ ಸದ್ದು ಸಣ್ಣದಾಗುತ್ತಾ ಆಗುತ್ತಾ... ದೂರ ಹೋದ ಹಾಗಲ್ಲ, ಮೇಲೆ ಹೋದ ಹಾಗೆ, ಬೆಟ್ಟ ಹತ್ತಿದ ಹಾಗೆ... ನಿಂತುಹೋಯಿತು.

ಕಾಕಾ ಮನೆಗೆ ಹೋಗಿ ಮಲಗಿದರು. ನಿದ್ದೆಯೂ ಬಂತಂತೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಕಾಕು, ಕಲ್ಯಾಣಿ ಇಳಿದರು. ಬಾವಿ ಹತ್ತಿರ ಜನ ಸೇರಿತ್ತು. ಕಾಕು ಚೀಲ ಅಲ್ಲೇ ಬಿಸಾಕಿ ಓಡಿದರು. ಗುಂಪಿನ ನಡುವೆ ಗಂಡ ಕಾಲ ಮೇಲೆ ನಿಂತಿದ್ದಾರೆ, ಬದುಕಿದ್ದಾರೆ. ಎಲ್ಲರೆದುರಿಗೇ ಅವರ ಎರಡೂ ತೋಳು ಹಿಡಿದು ಅತ್ತುಬಿಟ್ಟರು. ಕಾಕಾ ನೆಲ ತೋರಿಸಿದರು.

ಕಪಿಲಿ ಕಾಲು ಮಡಚಿ, ಮೆಲುಕು ಹಾಕಲು ಕೂತ ಹಾಗೆ ಕೂತು ಸತ್ತಿತ್ತು. ಹಾವು ಕಚ್ಚಿದ ಗುರುತಿಲ್ಲ, ಹೊಟ್ಟೆ ಉಬ್ಬಿಲ್ಲ, ಬಾಯಲ್ಲಿ ನೊರೆ ಇಲ್ಲ. ಕಲ್ಯಾಣಿ ಅದರ ಬೆನ್ನು ಮುಟ್ಟಿ ಕೈ ಹಿಂದೆಳೆದಳು. ಆ ಬಿಸಿಲಲ್ಲಿ ಫ್ರಿಜ್ಜಿನಿಂದ ತೆಗೆದ ಹಾಗಿತ್ತು ಅಂತಾಳೆ.

ಕಾಕಾ ಬಗ್ಗಿ ಅದರ ಕೊರಳು ತಡಕುತ್ತಿದ್ದರು.

"ಏನ್ ಹುಡಕಾಕತ್ತೀರಿ?" ಅಂದರು ಕಾಕು.

"ಒಂದು ಒಯ್ದಾರ."

"ಏನು ಒಂದು?"

ಕಾಕಾ ದಾರ ಎತ್ತಿ ತೋರಿಸಿದರು. ಗಂಟೆ ಇತ್ತು. ಬಿಲ್ಲೆ ಒಂದೇ ಇತ್ತು. ಮೇಣದ ದಾರವನ್ನು ಕತ್ತರಿಯಿಂದ ಕತ್ತರಿಸಿ ಮತ್ತೆ ಗಂಟು ಹಾಕಿದ್ದರು. ಎರಡು ಸುತ್ತು ತಿರುವಿ ಎಳೆದ ಗಂಟು. ಮಲ್ಲಟದಲ್ಲಿ ಆ ಗಂಟು ಹಾಕಲು ಬರುವವರು ಕಾಕಾ ಒಬ್ಬರೇ. ನಾನ ಹಾಕೀನೇನೋ ಅಂತ ಅವರು ತಮ್ಮ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರಂತೆ.

ಮಧ್ಯಾಹ್ನ ಹೊಲದ ಬದಿಗೆ ಗುಂಡಿ ತೋಡಿ ಮಣ್ಣು ಮಾಡಿದರು. ದನ ಹೂಳುವಾಗ ಉಪ್ಪು ಹಾಕುತ್ತಾರಲ್ಲ, ಚೀಲಗಟ್ಟಲೆ ಹರಳುಪ್ಪು ಸುರಿದರು. ಹರಡಲು ಕಾಕಾ ಗುಂಡಿಗೆ ಇಳಿದರು. ಒಂದು ಹೆಜ್ಜೆ ಇಟ್ಟರು.

ಕರ್ಕ್...

ಅಲ್ಲೇ ನಿಂತರು. ಮೇಲಿನಿಂದ ನಯೀಮ್ ಕೈ ಚಾಚಿದ. "ಬರ್ರಿ ಸಾಬ್, ಸಾಕು. ನಮ್ಮ ಅಮ್ಮೀನ್ನ ಉಳಿಸಿದ್ರಿ, ನಿಮ್ಮ ಆಕಳಿಗೆ ಹಿಂಗಾತು." ಕಾಕಾ ಕೈ ಹಿಡಿದು ಮೇಲೆ ಬಂದರು. ನಯೀಮ್ ಅವರ ಕೈ ಬಿಟ್ಟು ತನ್ನ ಅಂಗೈಯನ್ನು ಅಂಗಿಗೆ ಉಜ್ಜಿಕೊಂಡ. ಮಂಜುಗಡ್ಡೆ ಮುಟ್ಟಿದವನ ಹಾಗೆ.

ಆಮೇಲೆ ಬಾವಿ ಹತ್ತಿರ ಯಾರೂ ಕರೆಯಲಿಲ್ಲ. ಕಾಕು ಒಂದಷ್ಟು ದಿನ ಅಂಗೈ ಒತ್ತಿ ಹಿಡಿದೇ ನಡೆದರು. ತುಟಿ ಅಲುಗಲಿಲ್ಲ. ಆಕಳು ಹೋದರ ಹೋಗ್ಲಿ, ನೀವು ಉಳದ್ರಲ್ಲ ಅಂದರು. ಆವತ್ತು ಹೋಳಿಗೆ ಮಾಡಿದ್ದರಂತೆ.

ರಜೆಯಲ್ಲಿ ಕಲ್ಯಾಣಿ ಅಂಗಡಿಯಲ್ಲಿ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಗಿರಾಕಿ ಇರಲಿಲ್ಲ. ಸುಮ್ಮನೆ ಆ ಮಷೀನನ್ನು ತನ್ನ ಬೆರಳಿಗೆ ಹಾಕಿಕೊಂಡಳು. ತೊಂಬತ್ತೆಂಟು. ಚಹಾ ತಂದ ನಯೀಮನ ಬೆರಳಿಗೆ ಹಾಕಿದಳು. ತೊಂಬತ್ತೈದು, ಬೀಡಿ ಬಿಡು ಚಾಚಾ ಅಂದಳು.

"ಯಪ್ಪಾ, ನೀ ಬೆರಳು ಕೊಡು."

ಕಾಕಾ ಕೊಟ್ಟರು.

ಅಂಕಿಯ ಬದಲು ಎರಡು ಗೀಟು ಬಂದವು. ಉಸಿರಿನ ಜಾಗದಲ್ಲಿ ಒಂದು, ನಾಡಿಯ ಜಾಗದಲ್ಲಿ ಒಂದು. ಬೆರಳು ಉಜ್ಜಿ ಹಾಕಿದಳು. ಬೇರೆ ಬೆರಳಿಗೆ ಹಾಕಿದಳು. ಇನ್ನೊಂದು ಕೈಗೆ ಹಾಕಿದಳು. ಹೊಸ ಸೆಲ್ ಹಾಕಿ, ತನ್ನ ಬೆರಳು ನೋಡಿ, ಮತ್ತೆ ಅಪ್ಪನ ಬೆರಳಿಗೆ ಹಾಕಿದಳು.

ಗೀಟು.

"ಮಷೀನ್ ಹಳೇದಾತು ಬಿಡವ್ವಾ," ಅಂದರು ಕಾಕಾ.

ಇದು ನಡೆದದ್ದು. ನಂಬದಿದ್ದರೆ ಮಲ್ಲಟಕ್ಕೆ ಹೋಗಿ. ಕಾಕಾ ಈಗಲೂ ದಿನಾ ಅಂಗಡಿ ತೆಗೆಯುತ್ತಾರೆ, ಹಾಲು ಕರೆಯುತ್ತಾರೆ, ಎರಡು ರೊಟ್ಟಿ ಉಣ್ಣುತ್ತಾರೆ. ಒಂದು ತಲೆನೋವಿನ ಗುಳಿಗೆ ಕೇಳಿ. ಆ ಮಷೀನು ಬುದ್ಧನ ಫೋಟೋದ ಕೆಳಗೆ ಮೊಳೆಗೆ ತೂಗುತ್ತಿರುತ್ತದೆ. ಬೆರಳು ಕೊಡ್ರಿ ಅಂದರೆ ಕೊಡುತ್ತಾರೆ, ಬೇಡ ಅನ್ನುವುದಿಲ್ಲ. ದೀಪಾವಳಿಗೆ ಕಲ್ಯಾಣಿಯ ಜೊತೆ ಹೋಗಿದ್ದಾಗ ನಾನೇ ಹಾಕಿ ನೋಡಿದ್ದೇನೆ.